ಮೂರನೇ ಟ್ಯಾಪೆಟ್ಟು

ಆಯಿಲ್ ಕಡ್ಡಿ ಎಳೆದು ನೋಡಿದರೆ
ತುದಿಗೆ ಹಾಲು ಹೆಚ್ಚಾದ ಚಹಾದ ಬಣ್ಣ.
ಹುಸೇನಪ್ಪ ಕಡ್ಡಿಯನ್ನು ಲುಂಗಿಗೆ ಒರೆಸಿ
ಮತ್ತೆ ಅದ್ದಿದ, ಮತ್ತೆ ಎಳೆದ,
ಎರಡನೇ ಸಲ ಕೇಳಿದರೆ
ಇಂಜಿನ್ನು ಬೇರೆ ಉತ್ತರ ಕೊಟ್ಟೀತು ಎಂಬಂತೆ.

ಕೌಲ್ ಬಜಾರಿನ ದಸ್ತಗಿರಿ ಫೋನಿನಲ್ಲೇ ನಕ್ಕ:
"ಹೆಡ್ ಗ್ಯಾಸ್ಕೆಟ್ ಹೋಗೇತಿ. ಗ್ಯಾರೇಜಿಗೆ ತಂದ್ರ ನಲವತ್ತು ಸಾವಿರ.
ಮನ್ಯಾಗ ಬಿಚ್ಚಿದ್ರ ನಿಮ್ಮ ಹಣೆಬರ."
ಹಣೆಬರವೇ ಅಗ್ಗ ಅನ್ನಿಸಿತು ನಮಗೆ.

ಕುಡತಿನಿಯಲ್ಲಿ, ನಮ್ಮ ಮನೆ ಮುಂದೆ,
ಬೇವಿನ ಕೊಂಬೆಗೆ ಚೈನು ಪುಲ್ಲಿ.
ಮಗಳ ನೋಟ್‌ಬುಕ್ಕಿನ ರಟ್ಟಿಗೆ ತೂತು ಕೊರೆದು
ಒಂದರಿಂದ ಹನ್ನೆರಡು ಅಂಕಿ ಬರೆದು
ಪುಶ್‌ರಾಡುಗಳನ್ನು ನಿಲ್ಲಿಸಿದೆ,
ಪರೀಕ್ಷೆಗೆ ಮಕ್ಕಳನ್ನು ಕೂರಿಸಿದ ಹಾಗೆ.
ಬೋಲ್ಟುಗಳಿಗೆ ಇಡ್ಲಿ ತಟ್ಟೆ:
ಮೇಲಿನದರಲ್ಲಿ ಹೆಡ್ಡಿನವು, ನಡುವಿನದರಲ್ಲಿ ಮ್ಯಾನಿಫೋಲ್ಡಿನವು,
ಕೆಳಗಿನದರಲ್ಲಿ
ಎಲ್ಲಿಯವೆಂದು ಇಬ್ಬರಿಗೂ ತಿಳಿಯದವು.
ಅತ್ತೆ ಎರ್ರೆಮ್ಮ ಹೊಸ್ತಿಲಲ್ಲೇ ನಿಂತು
"ನಾಳಿ ನಾಷ್ಟಾಕ್ಕ ಬೋಲ್ಟು ಬೇಯಿಸ್ತಿ ಏನು?" ಅಂದಳು.

ಬ್ಲಾಕಿನ ಮೈ ಕೆರೆಯುವುದು ನನ್ನ ಪಾಲು.
ಡೀಸೆಲಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷು,
ಒಂದು ಮುರುಕು ಚಾಕು.
ಮೊದಲು ಬಂತು ಬೂದಿ, ಪವರ್ ಪ್ಲಾಂಟಿನದು,
ನಮ್ಮ ಹಪ್ಪಳದ ಮೇಲೂ ಕೂರುವಂಥದ್ದು.
ಅದರಡಿ ಕಲ್ಲಿದ್ದಲು: ಮಗಳು ಹುಟ್ಟಿದ ವರ್ಷದ ಬಾಡಿಗೆ.
ಇನ್ನೂ ಅಡಿಗೆ, ಗಟ್ಟಿಯಾಗಿ,
ಎಣ್ಣೆಯಲ್ಲಿ ಕುಂಕುಮ ಕಲಸಿ ಮೆತ್ತಿದಂತೆ,
ಸಂಡೂರಿನ ಅದಿರು.
ನಾನು ಈ ಮನೆಗೆ ಬರುವ ಮೊದಲಿನ ಧೂಳು.
ಆ ಕಾಲದ ಬಗ್ಗೆ ಕೇಳಿದಾಗಲೆಲ್ಲ
"ರೊಕ್ಕ ಬರತಿತ್ತು, ನಿದ್ದಿ ಬರತಿರಲಿಲ್ಲ"
ಇಷ್ಟೇ ಅನ್ನುತ್ತಾನೆ ಹುಸೇನಪ್ಪ.
ಉಳಿದದ್ದು ಇಲ್ಲಿ ಅಂಟಿಕೊಂಡಿತ್ತು.
ಕೆರೆದೆ. ಪೂರ್ತಿ ಕೆರೆಯಲಿಲ್ಲ.
ಪಂಪಿನ ಹಿಂದೆ, ಯಾರೂ ನೋಡದ ಕಡೆ,
ಉಗುರಿನಷ್ಟು ಬಿಟ್ಟೆ.

ವಾಲ್ವು ಉಜ್ಜಲು ಪೇಸ್ಟು, ತುದಿಗೆ ರಬ್ಬರ್ ಬಟ್ಟಲಿನ ಕೋಲು.
ಎರಡು ಅಂಗೈ ನಡುವೆ ತಿರುಗಿಸಬೇಕು.
ಅವನ ಕೈ ಸ್ಟೇರಿಂಗಿಗೆ ಒಗ್ಗಿದ್ದು,
ನನ್ನದು ಕಡಗೋಲಿಗೆ.
ಸದ್ದು ಬದಲಾಗುತ್ತದೆ:
ಮೊದಲು ಮರಳು, ಆಮೇಲೆ ರವೆ,
ಆಮೇಲೆ ಏನೂ ಇಲ್ಲ,
ಎತ್ತಿ ನೋಡಿದರೆ ಅಂಚಿಗೆ ಬೂದುಬಣ್ಣದ ತೆಳು ಉಂಗುರ.
ಹನ್ನೆರಡು ಉಂಗುರ.
ರಾತ್ರಿ ಅಂಗೈ ಉರಿದು ರೊಟ್ಟಿ ಬಡಿಯಲಾಗದೆ
ಎಲ್ಲರಿಗೂ ಮಂಡಾಳು ಒಗ್ಗರಣೆ.

ಟ್ಯಾಪೆಟ್ಟಿನ ಸಂದಿಗೆ ತಗಡು ತೂರಿಸುವಾಗ
ದಸ್ತಗಿರಿ ಸ್ಪೀಕರಿನಲ್ಲಿ:
"ಬೆಣ್ಣಿಯಾಗಿನ ಕೂದಲ ತೆಗದಂಗ ಬರಬಾರದು ತಂಗಿ,
ಬೆಲ್ಲದ ಪಾಕದಾಗಿನ ಕೂದಲ ತೆಗದಂಗ ಬರಬೇಕು."
ಅಷ್ಟೊತ್ತಿಗೆ ಅವನು ನನ್ನ ಜೊತೆಗೇ ಮಾತಾಡುತ್ತಿದ್ದ.
ಹುಸೇನಪ್ಪ ಟಾರ್ಚು ಹಿಡಿದಿದ್ದ.

ನಾಲ್ಕನೇ ದಿನ ಸೆಲ್ಫು ಹೊಡೆದರೆ
ಒಂದು ಕೆಮ್ಮು, ಒಂದು ಮುದ್ದೆ ಬಿಳಿ ಹೊಗೆ,
ಎದೆ ಧಸಕ್ಕೆಂದಿತು,
ಆಮೇಲೆ ಹೊಗೆಯೇ ಇಲ್ಲ.
ಬೇವಿನಲ್ಲಿದ್ದ ಗಿಳಿಗಳೆಲ್ಲ ಎದ್ದು ಹೋದವು.
ಅತ್ತೆ ಗಾಲಿಗಳಿಗೆ ನಿಂಬೆಹಣ್ಣು ಇಟ್ಟು
ಉಳಿದ ಒಂದನ್ನು, ಯಾಕೋ, ನನ್ನ ಕೈಗಿಟ್ಟಳು.

ಮರುದಿನ ಸಿರುಗುಪ್ಪದ ಅಕ್ಕಿ ಮಿಲ್ಲಿನಿಂದ ಫೋನು.
ಉಂಡೆಯಾ ಅಂತಲೂ ಕೇಳದೆ
ಇಂಜಿನ್ನಿನ ಮುಚ್ಚಳ ಎತ್ತಿ ಫೋನು ಹಿಡಿದ.
"ಕೇಳು."
ಒಲೆ ಆರಿಸಿ ಕೇಳಿದೆ.
"ಮೂರನೇದು ಟಕ್ ಅನ್ನಾಕತ್ತೇತಿ."
"ನನಗೇನೂ ಕೇಳಸವಲ್ದು."
"ಅನ್ನಾಕತ್ತೇತಿ. ಒಂದ ಕೂದಲಷ್ಟು."
ಆ ಕಡೆ ಸ್ವಲ್ಪ ಹೊತ್ತು ಇಂಜಿನ್ನು ಮಾತ್ರ.
"ಹಂಗಾದ್ರ ಐತ್ವಾರ ಬಿಚ್ಚೂಣು" ಅಂದ.

ಇಡ್ಲಿ ತಟ್ಟೆ ಮೂರು ಸಲ ತಿಕ್ಕಿದರೂ ವಾಸನೆ ಹೋಗಿರಲಿಲ್ಲ.
ನಾಲ್ಕನೇ ಸಲ ತಿಕ್ಕಲು ಕೂತವಳು
ನಲ್ಲಿ ಬಂದ್ ಮಾಡಿದೆ.